ರೇಷ್ಮೆ ಸೀಮೆಯ ಕಾಲೇಜುಗಳು

ಸಮುದಾಯ ಕಾಲೇಜು ಎಂಬ ಹೆಸರು ನಮ್ಮ ದೇಶಕ್ಕೆ ಬಂದದ್ದು ತೀರಾ ಈಚೆಗೆ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಅಂಥದೊಂದನ್ನು ತೆರೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದನ್ನು ಯೋಜನೆಯಾಗಿ ರೂಪಿಸಿ ಅನುದಾನ ಕೊಡತೊಡಗಿದ್ದು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ. ಊರಿನ ಕಸುಬು ಯಾವುದೋ ಅದನ್ನೇ ಕಲಿಸಬೇಕು, ಊರಿನವರಿಗೇ ಕಲಿಸಬೇಕು ಎನ್ನುವುದು ಅದರ ತಿರುಳು. ಈ ಲೆಕ್ಕದಲ್ಲಿ ನೋಡಿದರೆ ರಾಮನಗರದ ರೇಷ್ಮೆ ಸೀಮೆಯ ಚನ್ನಪಟ್ಟಣ ನೂರು ವರ್ಷ ಮುಂದಿತ್ತು.

ಮೈಸೂರು ಸರ್ಕಾರ 1913ರಲ್ಲಿ ಇಟಲಿಯ ರೇಷ್ಮೆ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿಕೊಂಡಿತು. ಮರುವರ್ಷ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ತಲೆಯೆತ್ತಿತು. ಅದಕ್ಕೂ ಮೊದಲೇ ಜಮ್‌ಷೆಟ್ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನವರನ್ನು ಕರೆಸಿ ಫಾರಂ ನಡೆಸಿದ್ದರು, ನಿಜ. ಚನ್ನಪಟ್ಟಣದ ಕೆಲಸ ಮಾತ್ರ ಹಳ್ಳಿಗೆ ಹತ್ತಿರದ್ದು. ರೋಗ ತಗುಲಿದ ಚಿಟ್ಟೆಯ ಮೊಟ್ಟೆ ಬಿತ್ತಿದರೆ ಇಡೀ ಹುಳುಮನೆ ಸಾಯುತ್ತದೆ. ಹಾಗಾಗಿ ಒಂದೊಂದು ಚಿಟ್ಟೆಯನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಕೊಡುವ ಪಾಶ್ಚರ್ ವಿಧಾನವನ್ನು ರೈತರಿಗೆ ಮುಟ್ಟಿಸಬೇಕಿತ್ತು. ಸ್ಥಳೀಯ ಮೈಸೂರು ತಳಿಯನ್ನು ಜಪಾನಿನ ತಳಿಯೊಡನೆ ಕೂಡಿಸಿದ ಮಿಶ್ರತಳಿ ಗೂಡು ಈ ಸೀಮೆಯ ಮನೆಮನೆ ಹೊಕ್ಕಿತು. ಅದಕ್ಕೆ ಬೇಕಾದ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡನ್ನು ಮಾಗಡಿ, ಕುಣಿಗಲ್ ಕಡೆಯ ರೈತರು ಬೆಳೆದುಕೊಟ್ಟರು. ಕರಿಹಲಗೆ, ಹಾಜರಿ ಪುಸ್ತಕ ಇಲ್ಲದಿದ್ದರೂ ಇದು ವಿಜ್ಞಾನ ಶಿಕ್ಷಣವೇ. ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಏರಿಸುವ ಗೊಂಬೆ ಕೆಲಸವೂ ಅದೇ ಊರಿನಲ್ಲಿ ಮನೆಗಳಿಂದ ಸರ್ಕಾರಿ ತರಬೇತಿಗೆ ದಾಟಿತು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿ ಎಷ್ಟೋ ವರ್ಷಗಳಾದವು. ಪದವಿಯ ಪಠ್ಯದಲ್ಲಿ ಜಾಗ ಇನ್ನೂ ಸಿಕ್ಕಿಲ್ಲ.

ಪದವಿ ಶಿಕ್ಷಣ ಬೇರೆ ದಾರಿ ಹಿಡಿದು ಬಂತು. ಕನಕಪುರದಲ್ಲಿ ಅದರ ಹಿಂದಿದ್ದವರು ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪ. ಅವರು ಕಟ್ಟಿದ ರೂರಲ್ ಎಜುಕೇಶನ್ ಸೊಸೈಟಿ ಹೈಸ್ಕೂಲಿನಿಂದ ಕಾಲೇಜಿನ ತನಕ ಬೆಳೆಯಿತು. ಊರಿನವರ ಬಾಯಲ್ಲಿ ಇಂದಿಗೂ ಅದು ‘ರೂರಲ್ ಕಾಲೇಜು’. ಬೆಂಗಳೂರಿನ ಮಾವಳ್ಳಿ, ಬಸವನಗುಡಿಯಲ್ಲಿ ರೂಮು ಹಿಡಿಯಲಾಗದ ಮಕ್ಕಳಿಗೆ ಬಿ.ಎ. ಓದಲು ಅಂಥದೊಂದು ಕಾಲೇಜು ಬೇಕೇಬೇಕಿತ್ತು. ಕನಕಪುರಕ್ಕೂ ಮಾಗಡಿಗೂ ಇಂದಿಗೂ ರೈಲಿಲ್ಲ ಎಂಬುದನ್ನು ನೆನೆದರೆ ಆ ಅಗತ್ಯದ ತೂಕ ಗೊತ್ತಾಗುತ್ತದೆ. ರಾಮನಗರ, ಚನ್ನಪಟ್ಟಣಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ರೈಲು ಬಂದಿತ್ತು. ಅಲ್ಲಿನ ಹುಡುಗರು ಬೆಳಗಿನ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ ಓದಿದರು, ಈಗಲೂ ಹೋಗುತ್ತಾರೆ. ರೈಲು ಊರಿಗೆ ಒಳ್ಳೆಯದು ಮಾಡಿತು, ಊರಿನ ಕಾಲೇಜಿಗೆ ಅಷ್ಟಾಗಿ ಮಾಡಲಿಲ್ಲ.

ಈ ಮಣ್ಣಿನ ಇನ್ನೊಂದು ವಿಚಿತ್ರ ನೋಡಿ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಬಿಡದಿ ಬಳಿಯ ಬಾನಂದೂರಿನ ಬಾಲಗಂಗಾಧರನಾಥ ಸ್ವಾಮೀಜಿ ಆದಿಚುಂಚನಗಿರಿಯಿಂದ ನೂರಾರು ಶಾಲಾ ಕಾಲೇಜು ಕಟ್ಟಿದರು. ರಾಜ್ಯದ ಎರಡು ದೊಡ್ಡ ವಿದ್ಯಾಸಾಮ್ರಾಜ್ಯಗಳನ್ನು ಬೆಳೆಸಿದವರು ಈ ಸೀಮೆಯವರು. ಎರಡರ ಕೇಂದ್ರವೂ ಈ ಸೀಮೆಯ ಹೊರಗಿದೆ.

1980ರಲ್ಲಿ ರಾಮನಗರದಲ್ಲಿ ಘೌಸಿಯಾ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 2007ರಲ್ಲಿ ರಾಮನಗರ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾದಾಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಬಂತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲ್ಲೂಕು ಕೇಂದ್ರ ದಾಟಿ ಹೋಬಳಿಗಳಿಗೂ ಹಬ್ಬಿದವು. ಬಿ.ಎ., ಬಿ.ಕಾಂ. ತರಗತಿ, ಅತಿಥಿ ಉಪನ್ಯಾಸಕರ ಮೇಲೆಯೇ ನಿಂತ ವೇಳಾಪಟ್ಟಿ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಹತ್ತುವ ಹೆಣ್ಣುಮಕ್ಕಳು: ರಾಜ್ಯದ ಉಳಿದೆಡೆಯಂತೆ ಇಲ್ಲಿಯೂ ಅದೇ ಚಿತ್ರ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ನಡುವೆ ಸಿಕ್ಕಿದ ವಿದ್ಯಾರ್ಥಿಗಳ ಗೋಳನ್ನು ಯಾರೂ ಹೆಚ್ಚು ಕೇಳಲಿಲ್ಲ.

ಈ ಅವಧಿಯಲ್ಲಿ ನನಗೆ ಮುಖ್ಯವೆನಿಸುವ ಪ್ರಯೋಗಗಳು ಕಾಲೇಜಿನ ಹೊರಗೇ ನಡೆದವು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಲ್ಲಿ ತೆರೆಯಿತು. ಅದು ವಸ್ತುಸಂಗ್ರಹಾಲಯವಾಗಿ ಮಾತ್ರ ಉಳಿಯದೆ ಜಾನಪದದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾಗಳನ್ನೂ ನಡೆಸಿತು. 2007ರಲ್ಲಿ ಬಿಡದಿಯಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ, ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಹಳ್ಳಿ ಮಕ್ಕಳನ್ನು ಆರಿಸಿ, ಊಟ ವಸತಿ ಕೊಟ್ಟು, ಮೂರು ವರ್ಷ ಕಸುಬು ಕಲಿಸತೊಡಗಿತು. ಯುಜಿಸಿ ಕಾಗದದಲ್ಲಿ ಬರೆದ ಸಮುದಾಯ ಕಾಲೇಜಿಗೆ ಈ ಎರಡೂ ಹೆಚ್ಚು ಹತ್ತಿರ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತೇವೆ. ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜು ಇರುವುದು ಚಿಂತಾಮಣಿಯಲ್ಲಿ. ಚಿಂತಾಮಣಿಯೂ ರೇಷ್ಮೆ ಊರೇ, ತಕರಾರಿಲ್ಲ. ಆದರೆ ಮಾರುಕಟ್ಟೆ ಪಕ್ಕದಲ್ಲೇ ಇರುವ ಇಲ್ಲಿನ ಕಾಲೇಜುಗಳಿಗೆ ಗೂಡಿನ ಹರಾಜು ಪಾಠವಾಗಿ ಕಾಣಬಾರದೇ?

ಜನ ಬೀದಿಗಿಳಿಯುವುದು ಮಾತ್ರ ಬೇರೆ ಕಾಲೇಜಿಗಾಗಿ. 2023ರ ಸೆಪ್ಟೆಂಬರಿನಲ್ಲಿ, ವೈದ್ಯಕೀಯ ಕಾಲೇಜು ಕನಕಪುರಕ್ಕೆ ಹೋಗುತ್ತದೆಂದು ರಾಮನಗರ ಬಂದ್ ಆಯಿತು. ಕನಕಪುರ ರಸ್ತೆಯುದ್ದಕ್ಕೂ, ಹಾರೋಹಳ್ಳಿ, ಜಕ್ಕಸಂದ್ರದ ಕಡೆ, ಖಾಸಗಿ ವಿಶ್ವವಿದ್ಯಾಲಯಗಳ ಕ್ಯಾಂಪಸ್ಸುಗಳು ಎದ್ದಿವೆ; ಅಲ್ಲಿನ ಶುಲ್ಕ ಹಿಪ್ಪುನೇರಳೆ ಬೆಳೆಯುವವನಿಗೆ ಎಟುಕುವಂಥದ್ದಲ್ಲ. ಬೆಂಗಳೂರಿನ ಸೆಳೆತ ಹೆಸರಿಗೂ ತಟ್ಟಿತು: 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸಂಪುಟ ಒಪ್ಪಿತು.

ಊರಿನ ಕಸುಬನ್ನು ಕಾಲೇಜಿಗೆ ತರಲು ಒಂದು ತೊಡಕಿದೆ. ಪದವಿ ಕಾಲೇಜಿನಲ್ಲಿ ಕಾಯಂ ಆಗಿ ಪಾಠ ಹೇಳಲು ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ನೆಟ್, ಕೆಸೆಟ್ ಅಥವಾ ಪಿಎಚ್.ಡಿ. ಬೇಕು. ಚರಕಿ ಮುಂದೆ ನಲವತ್ತು ವರ್ಷ ಕೂತ ಕೈಗೆ ಅವು ಎಲ್ಲಿಂದ ಬರಬೇಕು? 2022ರಲ್ಲಿ ಯುಜಿಸಿ, ಇಂಥ ಪದವಿಗಳಿಲ್ಲದ ಅನುಭವಿಗಳನ್ನೂ ಮಂಜೂರಾದ ಹುದ್ದೆಗಳ ಶೇಕಡ 10ರ ಮಿತಿಯೊಳಗೆ ಅಧ್ಯಾಪಕರಾಗಿ ತೆಗೆದುಕೊಳ್ಳಲು ದಾರಿ ಬಿಟ್ಟಿದೆ. ಆ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಕಂಪನಿಗಳ ಹಿರಿಯ ಅಧಿಕಾರಿಗಳು ಎಂದು ನನ್ನ ಅನುಮಾನ. ಆದರೂ ಚನ್ನಪಟ್ಟಣದ ಯಾವುದಾದರೂ ಪ್ರಿನ್ಸಿಪಾಲರು ಅದನ್ನು ಹಿಡಿದು ಒಬ್ಬ ಗೊಂಬೆ ಕೆಲಸದವರ ಹೆಸರನ್ನು ಇಲಾಖೆಗೆ ಬರೆದು ಕಳಿಸಬಹುದು.