ಬಿಟ್‌ಕಾಯಿನ್ ಕೋರ್: ದೋಷ ನಿವಾರಣೆ
ಬಿಟ್‌ಕಾಯಿನ್ ಜಾಲದ ಪ್ರತಿ ವಹಿವಾಟನ್ನೂ ಸ್ವತಃ ಪರಿಶೀಲಿಸುವ ಮುಕ್ತ ತಂತ್ರಾಂಶ. ಹಾನಗಲ್ಲಿನಲ್ಲಿ ನಡೆಸಿದರೂ ಹಿರೇಕೆರೂರಿನಲ್ಲಿ ನಡೆಸಿದರೂ ನಿಯಮ ಒಂದೇ. ಆದ್ದರಿಂದ ಸಣ್ಣ ದೋಷವೂ ಎಲ್ಲರ ಹಣಕ್ಕೆ ಕುತ್ತು. 2010ರ ಆಗಸ್ಟ್ 15ರಂದು 74638ನೇ ಬ್ಲಾಕಿನಲ್ಲಿ (ವಹಿವಾಟುಗಳ ಕಟ್ಟಿನಲ್ಲಿ) ಎರಡು ಭಾರಿ ಮೊತ್ತಗಳ ಕೂಡಿಕೆ ಅಂಕೆಯ ಮಿತಿ ಮೀರಿ ಋಣಸಂಖ್ಯೆಯಾಯಿತು. ತಪಾಸಣೆಗೆ ಸಿಗದೆ 18,400 ಕೋಟಿಗೂ ಹೆಚ್ಚು ನಾಣ್ಯ ಹುಟ್ಟಿದವು. ಇರಬಹುದಾದ ಗರಿಷ್ಠವೇ 2.1 ಕೋಟಿ! ಕೆಲವೇ ಗಂಟೆಗಳಲ್ಲಿ ತಿದ್ದಿದ ಆವೃತ್ತಿ ಬಂದು, ಆ ಬ್ಲಾಕನ್ನು ಜಾಲ ಕೈಬಿಟ್ಟಿತು.

2018ರ ದೋಷ ಇನ್ನೂ ಸೂಕ್ಷ್ಮ. ವೇಗಕ್ಕಾಗಿ ಒಂದು ತಪಾಸಣೆಯನ್ನು ಬಿಟ್ಟಿದ್ದರಿಂದ, ಒಂದೇ ವಹಿವಾಟಿನೊಳಗೆ ಅದೇ ನಾಣ್ಯವನ್ನು ಎರಡು ಸಲ ಖರ್ಚುಮಾಡುವ ದಾರಿ ತೆರೆದಿತ್ತು. ಸೆಪ್ಟೆಂಬರ್ 18ರಂದು 0.16.3 ಆವೃತ್ತಿ ಹೊರಬಂದಾಗ ನಿರ್ವಾಹಕರು ತಂತ್ರಾಂಶ ಕುಸಿಯುವ ಅಪಾಯವನ್ನಷ್ಟೇ ಹೇಳಿದರು; ಹುಸಿ ನಾಣ್ಯದ ಸಂಗತಿ ಬಯಲಾದದ್ದು ಎರಡು ದಿನ ಬಿಟ್ಟು. ಬಳಕೆದಾರರಿಗೆ ಹೊಸ ಆವೃತ್ತಿ ಹಾಕಿಕೊಳ್ಳಲು ಅಷ್ಟಾದರೂ ಸಮಯ ಬೇಕಿತ್ತು. ಆ ಮೌನ ಸಮರ್ಥನೀಯವೇ.