ಯವ, ಜವೆ ಮತ್ತು ಗೊಬ್ಬರ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸೀಮೆಯು ಬಹುಮಟ್ಟಿಗೆ ಎರೆಯ ನೆಲ. ಮುಶಿಗೇರಿಯ ಆಸುಪಾಸಿನಲ್ಲಿ ಬಿಳಿಜೋಳ, ಗೋಧಿ, ಕಡಲೆ, ಕುಸುಬೆ ಮೊದಲಾದ ಹಿಂಗಾರಿನ ಬೆಳೆಗಳು ಮಳೆಗಾಲದಲ್ಲಿ ನೆಲವು ಹೀರಿಟ್ಟುಕೊಂಡ ತೇವವನ್ನೇ ನಂಬಿವೆ. ಉತ್ತರ ಕರ್ನಾಟಕದಲ್ಲಿ ಸದಕ, ಕಪಲಿ ಎಂದು ಕರೆಯುವ, ಹೊಟ್ಟು ಸುಲಭವಾಗಿ ಬಿಡದ ಗೋಧಿಗೆ ಜವೆಗೋಧಿಯೆಂದೂ ಹೆಸರುಂಟು. ಗ್ರಂಥಭಾಷೆಯಲ್ಲಿಯಾದರೋ ಜವೆಯು ಸಂಸ್ಕೃತದ ‘ಯವ’ ಶಬ್ದದ ತದ್ಭವವಾಗಿ ಬಾರ್ಲಿಯನ್ನು ಸೂಚಿಸುತ್ತದೆ. ಒಂದೇ ಹೆಸರಿನ ಈ ಎರಡು ಧಾನ್ಯಗಳನ್ನು ಬೇರ್ಪಡಿಸದಿದ್ದರೆ ಗೊಬ್ಬರದ ಇತಿಹಾಸವನ್ನೂ ತಪ್ಪಾಗಿ ಗ್ರಹಿಸಿದಂತಾಗುತ್ತದೆ. ಏಕೆಂದರೆ ಗೊಬ್ಬರದಿಂದ ಒಂದರಲ್ಲಿ ಗುಣವಾಗುವುದೇ ಮತ್ತೊಂದರಲ್ಲಿ ದೋಷವಾಗುತ್ತದೆ.

ಯವವನ್ನು ಮೊಳೆಯಿಸಿ ಬಳಸುವ ಪದ್ಧತಿಯು ಈ ದೇಶಕ್ಕೆ ಹೊಸತಲ್ಲ. ಸೌತ್ರಾಮಣೀಯಾಗದ ಸುರೆಗೆ ಬೇಕಾದ ದ್ರವ್ಯಗಳಲ್ಲಿ ಶಷ್ಪ, ತೋಕ್ಮ, ಲಾಜಗಳು ಸೇರಿವೆ. ಭಾಷ್ಯಕಾರರು ಶಷ್ಪವನ್ನು ಮೊಳೆತ ವ್ರೀಹಿಯೆಂದೂ ತೋಕ್ಮವನ್ನು ಮೊಳೆತ ಯವವೆಂದೂ ಅರ್ಥಮಾಡಿದ್ದಾರೆ. ಇಂದು ‘ಮಾಲ್ಟ್’ ಎಂದು ಹೆಸರುಗೊಂಡ ವಸ್ತುವಿನ ಪೂರ್ವರೂಪವು ಇದೇ.

ಭೂಮಿಗೆ ಸಾರವನ್ನು ಕೊಡುವ ವಿಚಾರವೂ ಶಾಸ್ತ್ರಗಳಲ್ಲಿ ವಿಸ್ತಾರವಾಗಿದೆ. ಕೌಟಿಲ್ಯನು ಸೀತಾಧ್ಯಕ್ಷ ಪ್ರಕರಣದಲ್ಲಿ ಬೀಜಸಂಸ್ಕಾರವನ್ನು ಹೇಳಿದ್ದಾನೆ. ಕೃಷಿಪರಾಶರವು ಮಾಘಮಾಸದಲ್ಲಿ ತಿಪ್ಪೆಯನ್ನು ತೆಗೆದು ಒಣಗಿಸಿ ಪುಡಿಮಾಡಿ, ಫಾಲ್ಗುನದಲ್ಲಿ ಹೊಲದ ಗುಂಡಿಗಳಲ್ಲಿಡಬೇಕೆಂದು ವಿಧಿಸಿ, ಸಾರವಿಲ್ಲದ ಪೈರು ಬೆಳೆದರೂ ಫಲಿಸದೆಂದು ಎಚ್ಚರಿಸುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕುರಿ-ಆಡುಗಳ ಹಿಕ್ಕೆಯ ಪುಡಿ ಎರಡು ಆಢಕ, ಎಳ್ಳು ಒಂದು ಆಢಕ, ಹುರಿಹಿಟ್ಟು ಒಂದು ಪ್ರಸ್ಥ, ನೀರು ಒಂದು ದ್ರೋಣ ಮೊದಲಾದುವನ್ನು ಏಳು ರಾತ್ರಿ ನೆನೆಯಿಸಿ ಗಿಡಗಳಿಗೆರೆಯಬೇಕೆನ್ನುತ್ತಾನೆ. ಕನ್ನಡದಲ್ಲಿ ಕ್ರಿ. ಶ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರವು ವೃಕ್ಷಾಯುರ್ವೇದವನ್ನು ಒಳಗೊಂಡಿದೆ. ಆಗ ಆಳುತ್ತಿದ್ದ ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದವಳು. ಆಕೆಯ ಕಾಲದ ಶಾಸನಗಳುಳ್ಳ ಸೂಡಿಯು ಗಜೇಂದ್ರಗಡದ ಭಾಗದಲ್ಲಿಯೇ ಇದೆ. ಆದರೆ ಮೇಲೆ ಹೇಳಿದ ಸಂಸ್ಕೃತವಚನಗಳ ದೃಷ್ಟಿಯು ಮುಖ್ಯವಾಗಿ ಫಲಸಮೃದ್ಧಿಯ ಮೇಲಿದೆ.

ಕಾಳಿನ ಒಳಗುಣವನ್ನು ತೂಗಿನೋಡುವ ಪರೀಕ್ಷೆಯು ಹತ್ತೊಂಬತ್ತನೆಯ ಶತಮಾನದ್ದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ಡಿನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿದ್ವಾಂಸರು 1843ರಲ್ಲಿ ಗೋಧಿಯ ಮೇಲೆಯೂ 1852ರಲ್ಲಿ ಬಾರ್ಲಿಯ ಮೇಲೆಯೂ ಗೊಬ್ಬರದ ಪ್ರಯೋಗಗಳನ್ನು ಆರಂಭಿಸಿದರು. ಮುಂದೆ 1922ರಿಂದ 1931ರವರೆಗೆ ನಡೆದ ಮಾಲ್ಟ್ ಬಾರ್ಲಿಯ ಪರೀಕ್ಷೆಗಳಿಂದ ಮುಖ್ಯವಾದೊಂದು ಸಂಗತಿ ತಿಳಿದುಬಂದಿತು. ಬಿತ್ತನೆಯ ಕಾಲಕ್ಕೆ ಮಿತವಾಗಿ ಹಾಕಿದ ಸಾರಜನಕವು ಇಳುವರಿಯನ್ನು ಹೆಚ್ಚಿಸಿದರೂ ಕಾಳಿನ ಗುಣವನ್ನು ಅಷ್ಟಾಗಿ ಕೆಡಿಸುವುದಿಲ್ಲ; ಗುಣದ ಮೇಲೆ ಮಣ್ಣು ಮತ್ತು ಋತುಗಳ ಪ್ರಭಾವವೇ ಅಧಿಕ. ಸಾರಜನಕವು ಮಿತಿಮೀರಿದರೆ, ಅಥವಾ ತಡವಾಗಿ ಬಿದ್ದರೆ, ಕಾಳಿನಲ್ಲಿ ಸಸಾರಜನಕವು ಹೆಚ್ಚಿ ಪಿಷ್ಟವು ಕುಗ್ಗುತ್ತದೆ. ಮಾಲ್ಟಿಗೆ ಸಸಾರಜನಕವು ನೂರಕ್ಕೆ ಹತ್ತು-ಹನ್ನೊಂದರಷ್ಟಿದ್ದರೆ ಮೇಲು. ಹೆಚ್ಚಾದರೆ ದೊರೆಯುವ ರಸಾಂಶ ಕಡಿಮೆ, ಪಾನೀಯವೂ ಕದಡುತ್ತದೆ.

ಗೋಧಿಯಲ್ಲಿ ಇದೇ ಸಸಾರಜನಕವು ಆಹಾರದ ಬಲ. ಶಾವಿಗೆಯ ಎಳೆ ಹರಿಯದೆ ನಿಲ್ಲುವುದೂ ಅದರಿಂದಲೇ. ಆದರೂ ಎರೆಯ ಒಣಬೇಸಾಯದಲ್ಲಿ ಒಂದು ಮೇರೆಯುಂಟು. ತೇವವಿಲ್ಲದ ವರ್ಷದಲ್ಲಿ ಅಧಿಕ ಸಾರಜನಕವು ಎಲೆಯನ್ನು ಬೆಳೆಸಿ ನೆಲದ ನೀರನ್ನು ಬೇಗನೆ ತೀರಿಸುವುದರಿಂದ ಕಾಳು ಜೊಳ್ಳಾಗುತ್ತದೆ. ನೀರಾವರಿಯಲ್ಲಿ ಹಳೆಯ ಎತ್ತರದ ಜವೆಗೋಧಿಯು ಹೆಚ್ಚು ಗೊಬ್ಬರಕ್ಕೆ ನೆಲಕ್ಕೊರಗುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿ.ಡಿ.ಕೆ. 1025, 1029 ಮೊದಲಾದ ಗಿಡ್ಡತಳಿಗಳನ್ನು ಹೊರತಂದುದು ಈ ದೋಷದ ನಿವಾರಣೆಗೂ ಒದಗಿತು.

ತಿಪ್ಪೆಗೊಬ್ಬರದ ಮಹಿಮೆಗೆ ರೊಥಾಮ್‌ಸ್ಟೆಡ್ಡಿನ ಬಾರ್ಲಿಯ ಹೊಲವೇ ಸಾಕ್ಷಿ. ಅಲ್ಲಿ 1852ರಿಂದ 1871ರವರೆಗೆ ಮಾತ್ರ ಸಗಣಿಗೊಬ್ಬರ ಬಿದ್ದ ತುಂಡುನೆಲವು, ಗೊಬ್ಬರ ನಿಂತು ನೂರು ವರ್ಷ ಕಳೆದ ಮೇಲೂ ಏನೂ ಕಾಣದ ತುಂಡಿಗಿಂತ ಹೆಚ್ಚು ಬೆಳೆಯಿತು. ರಾಸಾಯನಿಕ ಲವಣವು ಆ ವರ್ಷದ ಪೈರನ್ನು ಪೋಷಿಸುತ್ತದೆ; ತಿಪ್ಪೆಯಾದರೋ ಮೊಮ್ಮಕ್ಕಳ ನೆಲವನ್ನೂ ಪೋಷಿಸುತ್ತದೆ. ಕುರಿಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುವ ಕರ್ನಾಟಕದ ರೈತನ ರೂಢಿಯು ವರಾಹಮಿಹಿರನ ಹಿಕ್ಕೆಯ ಪುಡಿಗೆ ದೂರದ್ದಲ್ಲ. ಹೊಲಕ್ಕೆ ಸಲ್ಲಬೇಕಾದ ಸಗಣಿಯು ಕುಳ್ಳಾಗಿ ಒಲೆಗೆ ಹೋಗುವುದನ್ನು ಕುರಿತು ವೋಲ್ಕರನು 1893ರ ವರದಿಯಲ್ಲಿ ವ್ಯಥೆಪಟ್ಟಿದ್ದನು.

ಇಂತು ಇಳುವರಿಯೊಂದೇ ಗೊಬ್ಬರದ ಪ್ರಮಾಣವಲ್ಲ. ಕಾಳು ಯಾವ ಧಾನ್ಯದ್ದು, ಯಾವ ಉಪಯೋಗಕ್ಕೆ, ಯಾವ ನೆಲದ್ದು ಎಂಬ ಮೂರನ್ನೂ ಅರಿತ ಮೇಲೆಯೇ ಅದರ ಗುಣದೋಷವನ್ನು ನಿರ್ಣಯಿಸಬೇಕು. ಹಳೆಯ ಲೆಕ್ಕಪತ್ರಗಳಲ್ಲಿ ಜವೆಯೆಂದು ಕಂಡೊಡನೆ ಬಾರ್ಲಿಯೆಂದು ಓದಿಬಿಡದೆ, ಯಾವ ಧಾನ್ಯವೆಂದು ಮೊದಲು ವಿಚಾರಿಸುವುದು ಸಂಶೋಧಕನಿಗೂ ವಿಹಿತ.