ಉಗುರಿನಲ್ಲಿ ಬಿಳಿ ಚುಕ್ಕೆ: ಕ್ಯಾಲ್ಸಿಯಂ ಕೊರತೆಯಾ?

ಉಗುರಿನ ಮೇಲೆ ಬಿಳಿ ಚುಕ್ಕೆ ಕಂಡ ಕೂಡಲೇ ‘ಕ್ಯಾಲ್ಸಿಯಂ ಕಮ್ಮಿ’ ಎಂದು ಮೆಡಿಕಲ್‌ನಿಂದ ಮಾತ್ರೆ ತರುವವರು ನಮ್ಮಲ್ಲಿ ಬಹಳ ಮಂದಿ. ಹೆಚ್ಚಿನ ಸಲ ಅದು ದಂಡದ ಖರ್ಚು. ವೈದ್ಯರು ‘ಲ್ಯುಕೋನಿಕಿಯಾ’ ಎನ್ನುವ ಈ ಚುಕ್ಕೆಗೆ ಸಾಮಾನ್ಯ ಕಾರಣ, ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟು.

ಉಗುರು ಹುಟ್ಟುವುದು ಬುಡದ ಚರ್ಮದ ಅಡಿಯಲ್ಲಿ. ಅಲ್ಲಿ ಪೆಟ್ಟಾದರೆ ಆಗ ತಯಾರಾಗುತ್ತಿರುವ ಪದರ ಸರಿಯಾಗಿ ಕೂಡದೆ ಬೆಳ್ಳಗೆ ಕಾಣುತ್ತದೆ. ಕೈಯ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ. ಮಾತ್ರ. ಚುಕ್ಕೆ ಹೊರಗೆ ಕಾಣುವಾಗ ವಾರಗಳೇ ಕಳೆದಿರುತ್ತವೆ, ಪೆಟ್ಟು ಯಾರಿಗೂ ನೆನಪಿರುವುದಿಲ್ಲ. ಶಟರ್ ಎಳೆಯುವುದು, ಬಾಕ್ಸಿನ ಟೇಪನ್ನು ಉಗುರಿನಲ್ಲೇ ಕೀಳುವುದು (ನಮ್ಮಂಥ ಅಂಗಡಿಯವರ ಚಾಳಿ), ಅಡಿಕೆ ಸುಲಿಯುವುದು, ಮಕ್ಕಳು ಉಗುರು ಕಚ್ಚುವುದು, ಮದುವೆಗೆ ಮುಂಚೆ ಪಾರ್ಲರ್‌ನಲ್ಲಿ ಉಗುರಿನ ಬುಡದ ಚರ್ಮ ಒತ್ತಿ ತೆಗೆಸುವುದು ಎಲ್ಲವೂ ಕಾರಣ ಆಗಬಹುದು.

ಇಂಥ ಚುಕ್ಕೆಗೆ ಮದ್ದು ಬೇಡ. ಉಗುರಿನೊಟ್ಟಿಗೆ ಮುಂದೆ ಸರಿದು, ಸುಮಾರು 6 ತಿಂಗಳೊಳಗೆ ಕತ್ತರಿಸಿ ಹೋಗುತ್ತದೆ. ಮತ್ತೆ ಬಾರದಿರಲು ಟೇಪಿಗೆ ಬ್ಲೇಡ್ ಬಳಸಿ, ಭಾರದ ಕೆಲಸಕ್ಕೆ ಗ್ಲೌಸ್ ಹಾಕಿ, ಉಗುರು ಗಿಡ್ಡ ಇಟ್ಟುಕೊಳ್ಳಿ, ಬುಡದ ಚರ್ಮವನ್ನು ಅದರಷ್ಟಕ್ಕೇ ಬಿಡಿ.

ಹತ್ತೂ ಬೆರಳಿನ ಉಗುರು ಬಹುಪಾಲು ಬೆಳ್ಳಗಾಗಿ ತುದಿಯಲ್ಲಿ ಮಾತ್ರ ಬಣ್ಣ ಉಳಿದಿದ್ದರೆ ವಿಷಯ ಬೇರೆ. ಲಿವರ್ ತೊಂದರೆಯಲ್ಲಿ ಹೀಗಾಗುವುದುಂಟು. ಉಗುರು ಬೆಳೆದರೂ ಮುಂದೆ ಸರಿಯದ ಜೋಡಿ ಬಿಳಿ ಅಡ್ಡಗೆರೆಗಳು ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದದ್ದರ, ಕೆಲವೊಮ್ಮೆ ಕಿಡ್ನಿ ಕಾಯಿಲೆಯ ಗುರುತು. ಕಾಲಿನ ಉಗುರು ಬೆಳ್ಳಗಾಗಿ ಪುಡಿ ಉದುರಿದರೆ ಫಂಗಸ್ ಇರಬಹುದು. ಈ ಮೂರರಲ್ಲಿ ಯಾವುದು ಕಂಡರೂ ಮೆಡಿಕಲ್‌ಗಲ್ಲ, ಡಾಕ್ಟರಲ್ಲಿಗೆ ಹೋಗಿ.